ಖಂಡೇ ಪೂಜೆಯ ಬಂದೂಕು

ಸೆಪ್ಟೆಂಬರ್ 26, ಶುಕ್ರವಾರ. ಬೆಳಿಗ್ಗೆ ಹತ್ತೂ ಹತ್ತಕ್ಕೆ ಸಂಶಿಯ ಕುಬೇರಪ್ಪ ಸಾಹುಕಾರ ಕುಂದಗೋಳ ಠಾಣೆಯ ಮೆಟ್ಟಿಲು ಹತ್ತಿ ಬಂದ. ಮೇಜಿನ ಹಿಂದೆ ಕುಳಿತಿದ್ದ ಪಿಎಸ್ಐ ರೋಹಿಣಿಯನ್ನು ಕಿಟಕಿಯ ಸರಳನ್ನು ನೋಡಿದ ಹಾಗೆ ನೋಡಿ ದಾಟಿ, ಬಾಜೂಕ್ಕೆ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ದಾವೂದಸಾಬನನ್ನು ಕೇಳಿದ:

"ಸಾಹೇಬ್ರಿಲ್ಲೇನು?"

"ನಿಮ್ಮ ಮುಂದ ಕುಂತಾರಲ್ರಿ."

"ಇವರಾ?"

ಆ ಒಂದು ಮಾತಿನೊಳಗೆ ಇದ್ದದ್ದನ್ನು ರೋಹಿಣಿ ಏಳು ವರ್ಷದ ನೌಕರಿಯಲ್ಲಿ ಬೇಕಾದಷ್ಟು ಸಲ ಕೇಳಿದ್ದಳು. ಪೆನ್ನಿನ ಟೊಪ್ಪಿಗೆ ತೆಗೆದು, "ಕುಂದ್ರರಿ. ಏನಾತು?" ಎಂದಳು.

"ನನ್ನ ಬಂದೂಕ ಕಳುವಾಗೈತಿ. ಕದ್ದಾಂವ ಯಾರನ್ನೂದೂ ಗೊತ್ತೈತಿ. ನೀವು ಹೋಗಿ ಹಿಡಕೊಂಡ ಬರೂದಷ್ಟ ಉಳದೈತಿ."

"ಮೊದಲ ಬಂದೂಕಿನ ಸುದ್ದಿ ಹೇಳ್ರಿ. ಆಮ್ಯಾಲ ಕಳ್ಳನ್ನ ನೋಡೂಣು."

ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು. ಬೆಳೆ ಕಾಯಲಿಕ್ಕೆಂದು ಅವನ ಅಪ್ಪನಿಗೆ ಸಿಕ್ಕ ಪರವಾನಗಿ, ಅಪ್ಪ ತೀರಿದ ಮೇಲೆ ಇವನ ಹೆಸರಿಗಾದದ್ದು. ಅಪ್ಪನ ಕಾಲದ್ದು ತಿಳಿಯದು, ಮಗನ ಕೈಗೆ ಬಂದ ಮೇಲೆ ಅದರಿಂದ ಒಂದು ಹಂದಿಯೂ ಸತ್ತಿರಲಿಲ್ಲ. ಎರಡು ಮದುವೆ ಹಂದರಗಳಿಗೆ ಮಾತ್ರ ತೂತು ಬಿದ್ದಿತ್ತು.

"ಎಲ್ಲಿ ಇಡತಿದ್ರಿ?"

"ಪಡಸಾಲಿ ಗ್ವಾಡಿಗೆ. ಎರಡು ಮೊಳಿ ಬಡದೇನಿ, ಅದರ ಮ್ಯಾಲ. ಬಂದವರ ಕಣ್ಣಿಗೆ ಬೀಳಬೇಕಲ್ಲ."

"ಕೀಲಿ ಹಾಕೂ ಪೆಟ್ಟಿಗಿ ಇಲ್ಲೇನು?"

"ಕುಬೇರಪ್ಪನ ಮನ್ಯಾಗ ಬಂದೂಕಕ್ಕ ಕೀಲಿ ಯಾತಕ್ಕ?"

"ಬಂದೂಕ ಖಾಲಿ ಇರಬೇಕು. ಬಂದೂಕ ಒಂದ ಕಡೆ, ಕಾಡತೂಸ ಒಂದ ಕಡೆ, ಎರಡಕ್ಕೂ ಕೀಲಿ. ಹೊರಗ ಒಯ್ಯೂವಾಗ ಗವಸಣಿಗಿ ಹಾಕಿ, ಪರವಾನಗಿ ಜೋಡಿ ಇಟಗೊಂಡು ಒಯ್ಯಬೇಕು. ಪರವಾನಗಿ ಕೊಡೂವಾಗ ಹೇಳಿರತಾರ. ಷರತ್ತು ಓದೀರೇನು?"

"ಅಂಥಾವೆಲ್ಲಾ ಓದಾಕ ನಮ್ಮ ಕಡೆ ಕಾರಕೂನ ಅದಾನ್ರಿ."

ದಾವೂದಸಾಬ ಕೆಮ್ಮಿದ. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ.

ಕುಬೇರಪ್ಪ ಹೇಳಿದ್ದು ಇಷ್ಟು. ದಸರೆಯ ಸುಣ್ಣ-ಸಾರಣೆಗಾಗಿ 20ನೇ ತಾರೀಖು ಬಂದೂಕನ್ನು ಗೋಡೆಯಿಂದ ಇಳಿಸಿದ್ದ. 21ರ ಸಂಜೆ ಸುಣ್ಣ ಒಣಗಿದ ಮೇಲೆ ತಾನೇ ಮತ್ತೆ ಮೊಳೆಗಳ ಮೇಲೆ ಇಟ್ಟ. ಒಳಗೆ ಗುಂಡಿರಲಿಲ್ಲ, ಖಾಲಿ ಇತ್ತು. 24ರ ಸಂಜೆ ಆರಕ್ಕೆ ಅಲ್ಲೇ ಇತ್ತು, 25ರ ಬೆಳಿಗ್ಗೆ ಏಳಕ್ಕೆ ಇರಲಿಲ್ಲ. ನಡುವೆ ಪಡಸಾಲೆಗೆ ಬಂದವನು ಒಬ್ಬನೇ: ಜೀಪಿನ ಡ್ರೈವರ್ ಅಕೀಲ್. ಜೀಪಿನ ಕೀಲಿ ತೂಗುಹಾಕುವ ಮೊಳೆ ಬಂದೂಕಿನ ಕೆಳಗೇ ಇದೆ.

"ನಿನ್ನೆನ ಯಾಕ ಬರಲಿಲ್ಲ?"

"ತಾನಾಗೇ ತಂದ ಇಡತಾನೇನು ಅಂತ ಒಂದ ದಿನ ದಾರಿ ನೋಡಿದೆ. ಆರ ವರ್ಸ ನಮ್ಮ ಉಪ್ಪ ತಿಂದಾನ." ಕುಬೇರಪ್ಪ ಮೀಸೆ ಒರೆಸಿಕೊಂಡ. "ಹಾಂ, ಅವನ ನೌಕರಿ ಕಾಗದ ನಿಮ್ಮ ಕಡೆ ಬಂದೈತಂತ. ಕಳಸೂಕಿಂತ ಮೊದಲ ಜರಾ ವಿಚಾರ ಮಾಡ್ರಿ."

ಹನ್ನೊಂದೂ ಐದಕ್ಕೆ ಎಫ್ಐಆರ್ ದಾಖಲಾಯಿತು. ಅವನು ಹೋದ ಮೇಲೆ ರೋಹಿಣಿ ಕಪಾಟಿನಿಂದ ಒಂದು ಕಡತ ತೆಗೆದಳು. ಅಕೀಲ್, ವಯಸ್ಸು 29, ಸಂಶಿ. ಸರ್ಕಾರಿ ಬಸ್ಸಿನ ಚಾಲಕನಾಗಿ ಆಯ್ಕೆಯಾಗಿದ್ದ. ಪೊಲೀಸರ ನಡತೆ ವರದಿ ಅಕ್ಟೋಬರ್ 3ರ ಸಂಜೆ ನಾಲ್ಕರೊಳಗೆ ಮುಟ್ಟಬೇಕು. 'ಕ್ರಿಮಿನಲ್ ಪ್ರಕರಣಗಳು ಇವೆಯೇ?' ಎಂಬ ಸಾಲಿನ ಮುಂದೆ ಜಾಗ ಖಾಲಿ ಇತ್ತು. ಅಲ್ಲಿ 'ಹೌದು' ಎಂದು ಬಿದ್ದರೆ ಪಟ್ಟಿಯಲ್ಲಿ ಕೆಳಗಿದ್ದ ಇನ್ನೊಬ್ಬನಿಗೆ ಆ ಕೆಲಸ ಹೋಗುತ್ತದೆ.

"ಈ ಕಾಗದ ಬಂದದ್ದು ಇವರಿಗೆ ಹೆಂಗ ಗೊತ್ತು?"

"ಸಿಹಿ ಹಂಚ್ಯಾನ್ರಿ ಹುಡುಗ, ಊರ ತುಂಬ," ಎಂದ ದಾವೂದಸಾಬ. "ಮೊದಲನೇ ಪೇಢೆ ಸಾವ್ಕಾರ್ರಿಗೇ ಕೊಟ್ಟನಂತ."

*

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಸಂಶಿಯಲ್ಲಿ ಸ್ಥಳ ಪಂಚನಾಮೆ. ಪಂಚರು ಇಬ್ಬರು: ಸೈಕಲ್ ಅಂಗಡಿಯ ಇಮಾಮುದ್ದೀನ ಮತ್ತು ನಿವೃತ್ತ ಮಾಸ್ತರ ಈರೇಶ. ಕುಬೇರಪ್ಪ ಅಂಗಳದಲ್ಲಿ ನಿಂತು, ಯಾವುದೋ ಊರಿನ ಯಾವುದೋ ದೊಡ್ಡವರ ಹೆಸರು ರೋಹಿಣಿಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಫೋನಿನಲ್ಲಿ ಮಾತಾಡುತ್ತಿದ್ದ.

ಪಡಸಾಲೆಯ ಗೋಡೆ ಹಾಲಿನಂತೆ ಬೆಳ್ಳಗಿತ್ತು. ಹಣೆಯ ಮಟ್ಟಕ್ಕಿಂತ ಮೇಲೆ, ಮೂರು ಅಡಿ ಅಂತರದಲ್ಲಿ ಎರಡು ದಪ್ಪ ಮೊಳೆಗಳು. ಅವುಗಳ ಕೆಳಗೆ ಜೀಪಿನ ಕೀಲಿ ತೂಗುತ್ತಿದ್ದ ಒಂದು ಸಣ್ಣ ಮೊಳೆ. ಸುಣ್ಣ ಬಳಿದವನು ಆಲಸಿ, ಗೋಡೆಯ ಜೊತೆಗೆ ಮೊಳೆಗಳ ಮೇಲೂ ಕುಂಚ ಎಳೆದುಬಿಟ್ಟಿದ್ದ.

ರೋಹಿಣಿ ಸ್ಟೂಲು ತರಿಸಿ ಹತ್ತಿ ನಿಂತಳು. ಬಹಳ ಹೊತ್ತು ಇಳಿಯಲಿಲ್ಲ.

"ದಾವೂದಸಾಬ್ರ, ಕೀಲಿ ಮೊಳಿ ನೋಡ್ರಿ. ಏನ ಕಾಣತೈತಿ?"

"ಸುಣ್ಣ ಕಿತ್ತೈತ್ರಿ. ಕೀಲಿ ಬಳೆ ಹಾಕಿ ತಗದು ಕಬ್ಬಣ ಹೊಳಿಯಾಕತ್ತೈತಿ."

"ಈಗ ಮ್ಯಾಲಿನೂ ನೋಡ್ರಿ."

ದಾವೂದಸಾಬ ಕನ್ನಡಕ ಏರಿಸಿ ಹತ್ತಿರ ಹೋದ. ಎರಡು ದೊಡ್ಡ ಮೊಳೆಗಳ ಮೇಲೆ ಸುಣ್ಣದ ಪೊರೆ ಇಡಿಯಾಗಿ ಹಾಗೇ ಇತ್ತು, ಕುಂಚದ ಕೂದಲಿನ ಗೆರೆಗಳ ಸಮೇತ. ಫೋಟೋ ತೆಗೆದ ಮೇಲೆ ರೋಹಿಣಿ ಬೆರಳ ತುದಿಯಿಂದ ಒಂದನ್ನು ಮುಟ್ಟಿದಳು. ಹಪ್ಪಳದ ಚೂರಿನ ಹಾಗೆ ಸುಣ್ಣ ಉದುರಿ ಬಿತ್ತು.

ಒಂದು ಕೀಲಿಯ ಬಳೆ ಐದು ದಿನದಲ್ಲಿ ಮೊಳೆ ಸವೆಸಿತ್ತು. ಮೂರು ಸೇರಿಗಿಂತ ಹೆಚ್ಚು ತೂಗುವ ಬಂದೂಕು, 21ರಿಂದ 24ರವರೆಗೆ ಆ ಮೊಳೆಗಳ ಮೇಲೆ ಮಲಗಿದ್ದು ಒಂದು ಗೀರನ್ನೂ ಬಿಟ್ಟಿರಲಿಲ್ಲ. ಸುಣ್ಣಕ್ಕೆ ಇಳಿದ ಬಂದೂಕು ಮತ್ತೆ ಗೋಡೆ ಏರಿರಲೇ ಇಲ್ಲ.

"ಬರಕೋರಿ," ಎಂದಳು ರೋಹಿಣಿ, ಸಣ್ಣ ದನಿಯಲ್ಲಿ. "ಪಂಚರ ಸಹಿ ತಗೋರಿ. ಮಾಸ್ತರ, ಇಮಾಮುದ್ದೀನ ಕಾಕಾ, ಈ ಮಾತು ನಿಮ್ಮ ಹೊಟ್ಟ್ಯಾಗ ಇರಲಿ."

ಒಳಗಿನಿಂದ ಸಾಹುಕಾರನ ಹೆಂಡತಿ ಗೌರಕ್ಕ ತಂಬಿಗೆಯಲ್ಲಿ ನೀರು ತಂದಳು. ಬರುವಾಗ ತುಟಿಯಲ್ಲಿ ಯಾವುದೋ ವಚನ ಇತ್ತು, ಉಸಿರಿನಷ್ಟು ಮೆಲ್ಲಗೆ. ರೋಹಿಣಿಯ ಮುಂದೆ ಬಂದಾಗ ಅದು ನಿಂತಿತು.

"ಈ ಸಲ ಖಂಡೇ ಪೂಜಿ ಹೆಂಗಾಗತೈತೋ ಏನೋ ಬಾಯಾರ. ವರ್ಸಾ ಆ ಬಂದೂಕಕ್ಕ ಇಬತ್ತಿ ಹಚ್ಚಿ, ಹೂ ಏರಿಸಿದ ಮ್ಯಾಲೇ ಅವರು ಬಾಯಾಗ ನೀರ ಹಾಕೂದು."

"ಈ ಸಲ ಬಂದೂಕ ಇಲ್ಲಲ್ರಿ."

"ಅದಕ ಕೇಳಿದೆ ಅವರನ್ನ. ಉಪಾಸ ಇರತೀರೇನು ಅಂತ." ಗೌರಕ್ಕ ತಂಬಿಗೆಯನ್ನೇ ನೋಡುತ್ತಿದ್ದಳು. "'ನೀ ಚಿಂತಿ ಮಾಡಬ್ಯಾಡ, ಪೂಜಿ ನಾ ಎಂದೂ ತಪ್ಪಿಸಿಲ್ಲ' ಅಂದ್ರು."

ರೋಹಿಣಿ ಅವಳ ಮುಖ ನೋಡಿದಳು. ಅದು ಹೆಂಡತಿಯ ಕಳವಳವೋ ಸಾಕ್ಷಿಯ ಹೇಳಿಕೆಯೋ ಗೊತ್ತಾಗಲಿಲ್ಲ. ಗೌರಕ್ಕ ಖಾಲಿ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ವಚನ ನಿಂತ ಕಡೆಯಿಂದ ಮತ್ತೆ ಶುರುವಾಯಿತು.

ಸಂಜೆ ನಾಲ್ಕೂವರೆಗೆ ಅಕೀಲ್ ಠಾಣೆಗೆ ತಾನೇ ಬಂದ. ಜೊತೆಗೆ ಅವನ ತಾಯಿ ರಜಿಯಾಬಿ, ಸಾಹುಕಾರನ ಹೊಲದ ಮನೆಯಲ್ಲಿ ದನ ನೋಡಿಕೊಳ್ಳುವಾಕೆ.

"ಬಂದೂಕ ಮುಟ್ಟೀಯೇನು?"

"ಮುಟ್ಟಿಲ್ರಿ. ಅದ ನನ್ನ ಮುಟ್ಟೈತ್ರಿ."

"ಹಂಗಂದ್ರ?"

"ಸಾವ್ಕಾರ್ರು ಹಿಂದಿನ ಸೀಟಿನ್ಯಾಗ ಕುಂದ್ರತಾರ. ಬಂದೂಕ ತೊಡಿ ಮ್ಯಾಲ, ನಳಗಿ ಮುಂದ. ನನ್ನ ಕುತ್ತಿಗಿಗೆ ತಾಕತಿತ್ತು. ಗವಸಣಿಗಿ ಹಾಕ್ರಿ ಅಂತ ಒಮ್ಮೆ ಅಂದೆ. 'ಸೌಕಾಶ ಹೊಡಿಲೇ, ಒಳಗ ಗುಂಡ ಐತಿ' ಅಂತ ನಕ್ಕರು. ಆವತ್ತಿನಿಂದ ರೋಡಿನ ಉಬ್ಬು ಬಂದಾಗೊಮ್ಮೆ ಕಲ್ಮಾ ಹೇಳಕೋತ ಗಾಡಿ ಹೊಡದೇನ್ರಿ. ಬಸ್ ಟ್ರಾಯಲ್‌ನ್ಯಾಗ ಸಾಹೇಬ್ರು ಕೇಳಿದ್ರು, ಇಷ್ಟ ಮೆತ್ತಗ ಉಬ್ಬ ದಾಟಸೂದ ಎಲ್ಲಿ ಕಲತಿ ಅಂತ."

ದಾವೂದಸಾಬ ನಕ್ಕ. ಅಕೀಲ್ ನಗಲಿಲ್ಲ.

"ನೌಕರಿ ಸುದ್ದಿ ಹೇಳಿದಾಗ ಏನಂದ್ರು?"

"ಏನೂ ಅನ್ನಲಿಲ್ರಿ. ಪೇಢೆ ನಾಯಿಗೆ ಹಾಕಿದ್ರು."

ರಜಿಯಾಬಿ ಸೆರಗು ಎಳೆದುಕೊಂಡಳು. "ಬಾಯಾರ, ನಾ ನಾಳೆ ಕೆಲಸಕ್ಕ ಹೋಗಲೋ ಬ್ಯಾಡೋ?"

"ನಿಮ್ಮ ಮಗನ ಮ್ಯಾಲ ಕೇಸ್ ಕೊಟ್ಟಾರಲ್ರಿ. ಹೋಗೂ ಮನಸ ಐತೇನು?"

"ದನಕ್ಕೇನ ಗೊತ್ರಿ ಕೇಸು? ಹೊತ್ತಿಗೆ ಮೇವ ಬೇಕು ಅವಕ್ಕ."

*

27ರಂದು ಸಾಹುಕಾರನ ಊರ ಮನೆ, ಅದರ ಹಿತ್ತಲ ಕೊಟ್ಟಿಗೆ, ಅಟ್ಟ ಶೋಧಿಸಿದರು. ಅಕೀಲನ ಎರಡು ಕೋಣೆಯ ಮನೆಯನ್ನೂ ಶೋಧಿಸಿದರು, ನಾಳೆ ಯಾರೂ ಬೆರಳು ತೋರಿಸಬಾರದೆಂದು. ಏನೂ ಸಿಗಲಿಲ್ಲ. 29ರಂದು ಮೇಲಧಿಕಾರಿಯ ಫೋನು ಬಂತು. ಆರೋಪಿಯ ಹೆಸರು ಗೊತ್ತಿದ್ದೂ ತಡ ಯಾಕೆ ಎಂದು ಕೇಳಿದರು. "ಬಂದೂಕು ಸಿಗುವವರೆಗೆ ಆರೋಪಿ ಯಾರೆಂದು ಹೇಳಲಾಗದು ಸರ್," ಎಂದಳು ರೋಹಿಣಿ. "ಯಾವಾಗ ಸಿಗುತ್ತದೆ?" "ಮಹಾನವಮಿಗೆ ಸರ್."

ಅವಳ ಲೆಕ್ಕಾಚಾರ ಸರಳವಾಗಿತ್ತು. ಮೊಳೆಯ ಮಾತು ಹೇಳಿ ಕುಬೇರಪ್ಪನನ್ನು ಹಿಡಿದರೆ ಅವನು ವಕೀಲನನ್ನು ಕರೆಯುತ್ತಾನೆ, ಬಂದೂಕು ಯಾವುದೋ ಕೆರೆಗೆ ಬೀಳುತ್ತದೆ, ಪ್ರಕರಣ ತೂಗಾಡುತ್ತದೆ. ತೂಗಾಡಿದರೂ ಸಾಕು, ಅಕೀಲನ ಕೆಲಸ ಹೋಗುತ್ತದೆ. ಬಂದೂಕೇ ಸಿಗಬೇಕು. ಸುಳ್ಳು ಹೇಳಲು ಅಂಜದ ಈ ಮನುಷ್ಯ, ಬಡವನ ಅನ್ನ ಕಿತ್ತುಕೊಳ್ಳಲು ಅಂಜದ ಈ ಮನುಷ್ಯ, ಕಬ್ಬಿಣಕ್ಕೆ ವಿಭೂತಿ ತಪ್ಪಿಸಲು ಅಂಜುತ್ತಾನೆ. ಅವನ ಭಕ್ತಿ ಅಷ್ಟಕ್ಕೇ ಇತ್ತು, ಅಷ್ಟಾದರೂ ಇತ್ತು.

ಅಕ್ಟೋಬರ್ 1, ಬುಧವಾರ, ಮಹಾನವಮಿ. ಈ ಸೀಮೆಯಲ್ಲಿ ಅಂದು ಕುಡಗೋಲು, ಕೊಡಲಿ, ನೇಗಿಲ ಕುಡ, ತಕ್ಕಡಿ, ಬದುಕಿಗೆ ಬೇಕಾದ ಕಬ್ಬಿಣವೆಲ್ಲ ವಿಭೂತಿ ಹಚ್ಚಿಸಿಕೊಂಡು ದೇವರ ಮುಂದೆ ಸಾಲಾಗಿ ಕೂಡುತ್ತವೆ. ಅದೇ ಖಂಡೇ ಪೂಜೆ. ಠಾಣೆಯಲ್ಲೂ ಬೆಳಿಗ್ಗೆ ಏಳಕ್ಕೆ ಪೂಜೆಯಾಯಿತು. ದಾವೂದಸಾಬ ರಿಜಿಸ್ಟರ್ ನೋಡಿ ಒಂದೊಂದೇ ರೈಫಲ್ ಹೊರಗೆ ತಂದು, ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ಹೂ ಏರಿಸಿದ. ಮೂವತ್ತು ವರ್ಷದಿಂದ ಇದು ಅವನ ಪಾಲಿನ ಕೆಲಸ. ಆರತಿ ಮುಗಿದೊಡನೆ ನಂಬರು ಎಣಿಸಿ ಒಳಗಿಟ್ಟು ಕೀಲಿ ಹಾಕಿ, ಕೀಲಿಯನ್ನು ಕಣ್ಣಿಗೊತ್ತಿಕೊಂಡ.

ಒಂಬತ್ತೂ ನಲವತ್ತಕ್ಕೆ ಸಂಶಿಯ ಬಜಾರದಲ್ಲಿ ಮಫ್ತಿಯಲ್ಲಿದ್ದ ಕಾನ್‌ಸ್ಟೆಬಲ್ ಫೋನ್ ಮಾಡಿದ.

"ಜೀಪ ಹೊಂಟತ್ರಿ ಮೇಡಂ. ತಾವ ಹೊಡಕೊಂಡ ಹೊಂಟಾರ. ಬಾಜೂಕ ಪೂಜಿ ತಾಟ ಐತಿ, ಮ್ಯಾಲ ವಸ್ತ್ರ ಮುಚ್ಯಾರ. ಗೇರ ಹಾಕಿದಾಗೊಮ್ಮೆ ಊರ ತುಂಬ ಕೇಳತೈತಿ."

ಸಾಹುಕಾರನ ಹೊಲ ಕುಬಿಹಾಳದ ದಾರಿಗೆ. ಊರಲ್ಲಿ ಸಿಗದ ಬಂದೂಕು ಹೊಲದಲ್ಲೇ ಇರಬೇಕು, ಜಾಗ ಅವನೇ ತೋರಿಸಲಿ ಎಂದು ರೋಹಿಣಿ, ದಾವೂದಸಾಬ ಮತ್ತು ಇಬ್ಬರು ಪಂಚರು ಮೊದಲೇ ಅಲ್ಲಿ, ಹೊಲದ ಮನೆಯ ಹಿಂದಿನ ಬೇವಿನ ಮರೆಯಲ್ಲಿ ನಿಂತಿದ್ದರು. ಹತ್ತಕ್ಕೆ ಜೀಪು ಬಂತು. ಕುಬೇರಪ್ಪ ಇಳಿದು, ಮೋಟಾರಿನ ಗೂಡಿಗೆ ಹೋಗಿ, ಪಂಪಿಗೆ ಒಂದು ಬೆರಳು ಕುಂಕುಮ ಇಟ್ಟು ಅರೆ ನಿಮಿಷದಲ್ಲಿ ಹೊರಬಂದ. ಆಮೇಲೆ ತಾಟು ಹಿಡಿದು ಬಣವೆಯ ಕಡೆ ನಡೆದ. ಹಿಂದಿನ ವರ್ಷದ ಜೋಳದ ಕಣಿಕೆಯ ಹಳೇ ಬಣವೆ, ಒಂದು ಪಕ್ಕದಿಂದ ಮೇವು ಎಳೆದು ಎಳೆದು ಗವಿಯಾಗಿತ್ತು.

ಚಪ್ಪಲಿ ಬಿಟ್ಟ. ನಾಲ್ಕೂ ದಿಕ್ಕು ನೋಡಿದ. ಬಣವೆಗೆ ಊದಿನಕಡ್ಡಿ ಬೆಳಗಿದ.

"ಬಣವಿಗೂ ಖಂಡೇ ಪೂಜಿ ಐತೇನ್ರಿ ಮಾಸ್ತರ?" ಎಂದು ದಾವೂದಸಾಬ ಈರೇಶ ಮಾಸ್ತರನ ಕಿವಿಯಲ್ಲಿ ಕೇಳಿದ.

"ನಮ್ಮ ಮನಿತನದಾಗಂತೂ ಇಲ್ಲಪಾ."

ಕುಬೇರಪ್ಪ ಭುಜದವರೆಗೆ ಕೈ ತೂರಿಸಿ, ಹಳೇ ಧೋತರದಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಎಳೆದ. ಬಿಚ್ಚಿದ. ಮೂರು ಬೆರಳಿಂದ ಹಿಡಿಕೆಗೆ ವಿಭೂತಿ ಎಳೆದ, ಎರಡು ನಳಿಗೆಗಳ ನಡುವೆ ಚೆಂಡುಹೂ ಸಿಕ್ಕಿಸಿದ, ಕಲ್ಲಿಗೆ ಕಾಯಿ ಒಡೆದ. ನೆಲಕ್ಕೆ ಮೊಣಕಾಲೂರಿ, ಹಣೆ ಹಚ್ಚಿ, ಮೇಲೆದ್ದಾಗ ಮುಂದೆ ಒಂದು ಜೊತೆ ಬೂಟು ಕಂಡವು.

"ಪೂಜಿ ಮುಗೀತೇನ್ರಿ?" ಎಂದಳು ರೋಹಿಣಿ. "ನೀರ ಕುಡೀರಿ ಹಂಗಾರ. ಆಮ್ಯಾಲ ಮಾತಾಡೂಣು."

ಕುಬೇರಪ್ಪ ಧೂಳು ಝಾಡಿಸಿದ. ಎದ್ದು ನಿಂತ ಮೇಲೆ ಹಳೇ ದನಿ ಸಿಕ್ಕಿತು.

"ನನ್ನ ಬಂದೂಕ ನನ್ನ ಬಣವ್ಯಾಗ ಐತಿ. ಇದು ಕಳುವು ಹೆಂಗಾಗತೈತಿ?"

"ಅದನ್ನ ನಾನೂ ಐದ ದಿನದಿಂದ ಕೇಳಾಕತ್ತೇನಿ."

ದಾವೂದಸಾಬ ಕೈವಸ್ತ್ರದಿಂದ ಹಿಡಿದು ಬಂದೂಕು ಎತ್ತಿದ. ಬಾಯಿ ನೆಲಕ್ಕೆ ಮಾಡಿ, ನಡುವಿಗೆ ಮಡಿಸಿ ತೆರೆದ. ಅವನ ಮುಖದ ನಗು ಹೋಯಿತು. ಎರಡೂ ನಳಿಗೆಯಲ್ಲಿ ಕಾಡತೂಸು ಇದ್ದವು. ಗುಂಡು ಹಾರಿಸುವ ಎರಡು ಕುದುರೆಗಳಲ್ಲಿ ಒಂದು ಎಳೆದೇ ಇತ್ತು.

ಆ ಹೊತ್ತಿಗೆ ಕೊಟ್ಟಿಗೆಯಿಂದ ರಜಿಯಾಬಿ ಬಂದಿದ್ದಳು, ಮೇವು ಒಯ್ಯಲು. ಬಂದೂಕನ್ನೂ ಬಣವೆಯ ಗವಿಯನ್ನೂ ಒಂದಾದ ಮೇಲೊಂದು ನೋಡಿದಳು.

"ನಿನ್ನಿ ಮೇವ ಎಳಿಯೂವಾಗ ಕೈಗೆ ಏನೋ ಗಟ್ಟಿ ಹತ್ತಿತ್ತ್ರಿ," ಎಂದಳು ಮೆಲ್ಲಗೆ. "ಎರಡ ಸಲ ಜಗ್ಗಿದೆ. ಬರಲಿಲ್ಲ. ಗೂಟ ಇರಬೇಕಂತ ಬಿಟ್ಟೆ."

ಮೂರನೆಯ ಸಲ ಜಗ್ಗಿದ್ದರೆ ಎಂಬ ಮಾತನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಕುಬೇರಪ್ಪನ ಮೇಲಿನ ತಾತ್ಸಾರದಲ್ಲಿ ರೋಹಿಣಿ ಐದು ದಿನ ಹಾಯಾಗಿ ಕಾದಿದ್ದಳು, ಅವನ ಮೂಢತನ ಅವನನ್ನು ಹಿಡಿದುಕೊಡುತ್ತದೆಂದು. ಆ ಐದೂ ದಿನ ಈ ಹೆಂಗಸು ದಿನಕ್ಕೆರಡು ಸಲ ಇಲ್ಲಿ ಕೈ ಹಾಕಿದ್ದಳು. ಹೋಗಲೋ ಬೇಡವೋ ಎಂದು ಕೇಳಿದ್ದಳು ಕೂಡ.

"ಖಾಲಿ ಇತ್ತು ಅಂತ ಹೇಳಿಕ್ಯಾಗ ಬರಸೀರಿ," ಎಂದಳು ರೋಹಿಣಿ. ದನಿ ಏರಲಿಲ್ಲ.

"ಗುಂಡಿಲ್ಲದ ಬಂದೂಕ ಅಂದ್ರ ದನಾ ಹೊಡಿಯೂ ಬಡಿಗಿ. ಅದಕ್ಯಾರು ಪೂಜಿ ಮಾಡತಾರ?"

"ಬಣವಿನ ಯಾಕ ಆರಿಸಿದ್ರಿ?"

ಕುಬೇರಪ್ಪ ರಜಿಯಾಬಿಯ ಕಡೆ ನೋಡಲಿಲ್ಲ. ಅದೇ ಉತ್ತರವಾಯಿತು. ನಡತೆ ವರದಿ 'ಹೌದು' ಎಂದು ಹೋದ ಮೇಲೆ ಬಂದೂಕು ಅಕೀಲನ ತಾಯಿ ಕೈಯಾಡಿಸುವ ಜಾಗದಲ್ಲೇ 'ಸಿಗಬೇಕಾಗಿತ್ತು'.

ಹತ್ತೂ ಐವತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಮುದ್ದೇಮಾಲು: ಜೋಡುನಳಿಗೆ ಬಂದೂಕು ಒಂದು, ಜೀವಂತ ಕಾಡತೂಸು ಎರಡು, ಜೀಪಿನ ಮುಂಭಾಗದ ಗೂಡಿನಲ್ಲಿ ಕೀಲಿಯಿಲ್ಲದೆ ಬಿದ್ದಿದ್ದ ಕಾಡತೂಸು ಒಂಬತ್ತು, ಜೀಪು ಒಂದು, ಹಳೇ ಧೋತರ ಒಂದು, ಚೆಂಡುಹೂ ಒಂದು. ಹೂವನ್ನು ಬರೆಯಬೇಕೋ ಬೇಡವೋ ಎಂದು ದಾವೂದಸಾಬ ಕೇಳಿದ. "ಅದನ್ನ ಮೊದಲ ಬರೀರಿ," ಎಂದಳು ರೋಹಿಣಿ.

ಬಂದೂಕನ್ನು ಖಾಲಿ ಮಾಡಿ, ಗವಸಣಿಗೆಯೊಳಗೆ ಹಾಕಿ ಕಟ್ಟಿ, ಕಾಡತೂಸುಗಳನ್ನು ಬೇರೆ ಪೊಟ್ಟಣದಲ್ಲಿ ಮೊಹರು ಮಾಡಿ ಠಾಣೆಗೆ ತಂದರು. ಆ ಬಂದೂಕು ಕಾಯದೆ ಹೇಳಿದ ಹಾಗೆ ಪ್ರಯಾಣ ಮಾಡಿದ್ದು ಪ್ರಾಯಶಃ ಅದೇ ಮೊದಲು.

*

ಹನ್ನೆರಡೂ ಕಾಲಿಗೆ ಕುಬೇರಪ್ಪನನ್ನು ಬಂಧಿಸಲಾಯಿತು. ಪರವಾನಗಿಯ ಷರತ್ತು ಮುರಿದದ್ದಕ್ಕೆ ಶಸ್ತ್ರಾಸ್ತ್ರ ಕಾಯದೆಯ 30ನೇ ಕಲಂ, ಇನ್ನೊಬ್ಬರ ಜೀವಕ್ಕೆ ಅಪಾಯ ತಂದದ್ದಕ್ಕೆ ನ್ಯಾಯ ಸಂಹಿತೆಯ 125. ಸುಳ್ಳು ಫಿರ್ಯಾದಿಯ ಬಗ್ಗೆ ನ್ಯಾಯಾಲಯಕ್ಕೆ ಬೇರೆ ವರದಿ, ಪರವಾನಗಿ ರದ್ದತಿಗೆ ಜಿಲ್ಲಾಧಿಕಾರಿಗೆ ಇನ್ನೊಂದು, ಕಳವಿನ ಪ್ರಕರಣ ಸುಳ್ಳೆಂದು ಮುಚ್ಚಲು ಬಿ ರಿಪೋರ್ಟ್. ಬಂಧನದ ಕಾರಣಗಳನ್ನು ಬರೆದುಕೊಟ್ಟಾಗ ಅವನು ಓದದೆ ಸಹಿ ಹಾಕಿದ.

"ಓದ್ರಿ," ಎಂದಳು ರೋಹಿಣಿ. "ಇಲ್ಲಿ ಕಾರಕೂನ ಇಲ್ಲ."

ಓದಿದ. ಓದುವಾಗ ಅವನ ತುಟಿ ಅಲುಗಾಡುತ್ತಿತ್ತು.

"ಇಷ್ಟೆಲ್ಲಾ ಯಾತಕ್ಕ ಮಾಡಿದ್ರಿ?" ಎಂದು ರೋಹಿಣಿ ಕೇಳಿದಳು. "ಅವನ ಬದಲಿ ಇನ್ನೊಬ್ಬ ಡ್ರೈವರ ಸಿಗತಿದ್ದಾ."

ಅವನು ಕಾಗದವನ್ನು ಮೇಜಿನ ಮೇಲೆ ಇಟ್ಟ. ಆಮೇಲೆ ಬಂದ ದನಿಯಲ್ಲಿ ಸಾಹುಕಾರ ಇರಲಿಲ್ಲ, ಬರೀ ಒಬ್ಬ ಅರವತ್ತರ ಗಂಡಸು ಇದ್ದ.

"ಸಂಶಿ ಫಾಟಾದಾಗ ನಾ ಬಸ್ಸಿಗೆ ನಿಂತಿರತೇನಿ ಅಂತ ತಿಳೀರಿ. ಅಂವ ಖಾಕಿ ಹಾಕ್ಕೊಂಡು, ಬಸ್ ಹೊಡಕೋತ ಬರತಾನ. ಮ್ಯಾಲ ಕುಂತಿರತಾನ, ನಾ ಕೆಳಗ. ನಿಲ್ಲಸೂದು ಬಿಡೂದು ಅವನ ಮರ್ಜಿ. ನಿಲ್ಲಸು ಅಂತ ನಾ ಅವಗ ಕೈ ಮಾಡಬೇಕೇನ್ರಿ?"

ಅದಕ್ಕೆ ಕಾನೂನಿನಲ್ಲಿ ಕಲಂ ಇರಲಿಲ್ಲ. ರೋಹಿಣಿ ಹೇಳಿಕೆಯಲ್ಲಿ ಹಾಗೇ ಬರೆದುಕೊಂಡಳು.

ಜಾಮೀನು ಸಿಗುವ ಅಪರಾಧಗಳು. ಮೂರೂವರೆಗೆ ಜಾಮೀನುದಾರ ಸಹಿ ಹಾಕಿ, ಹಬ್ಬದ ಅವಸರದಲ್ಲಿ ಬೈಕ್ ಹತ್ತಿ ಹೊರಟುಹೋದ. ಹಿಂದೆ ಕೂಡ್ರಿ ಎಂದು ಅವನು ಕೇಳಲಿಲ್ಲ, ಕುಬೇರಪ್ಪ ಕೇಳಿಕೊಳ್ಳಲಿಲ್ಲ. ಜೀಪು ಠಾಣೆಯ ಅಂಗಳದಲ್ಲಿ ಮುದ್ದೇಮಾಲಾಗಿ ನಿಂತಿತ್ತು.

ರೋಹಿಣಿ ಕಡತ ತೆಗೆದು ಖಾಲಿ ಜಾಗದಲ್ಲಿ 'ಇಲ್ಲ' ಎಂದು ಬರೆದಳು. ಷರಾದಲ್ಲಿ 'ನೇಮಕಕ್ಕೆ ಆಕ್ಷೇಪಣೆ ಇಲ್ಲ' ಎಂದು ಬರೆದು ಸಹಿ ಮಾಡಿದಳು. ಲಕೋಟೆಯನ್ನು ರಜೆ ಮುಗಿದೊಡನೆ ಕೈಯಾರೆ ಮುಟ್ಟಿಸಲು ಒಬ್ಬನನ್ನು ನೇಮಿಸಿದಳು. ಆಮೇಲೆ ಕೇಸ್ ಡೈರಿಯ ಕೊನೆಗೆ, ಯಾರೂ ಕೇಳದಿದ್ದರೂ, ಒಂದು ಸಾಲು ಸೇರಿಸಿದಳು: ರಜಿಯಾಬಿ ಕೋಂ ಕಾಸೀಮಸಾಬ ಇವರಿಗೆ ಕೆಲಸಕ್ಕೆ ಹೋಗಬೇಡಿರೆಂದು ತನಿಖಾಧಿಕಾರಿ ಸೂಚಿಸಲಿಲ್ಲ, ಇದು ತನಿಖಾಧಿಕಾರಿಯ ತಪ್ಪು.

ಕಿಟಕಿಯಾಚೆ, ರಸ್ತೆಯ ಬದಿಗೆ ಕುಬೇರಪ್ಪ ನಿಂತಿದ್ದ. ಸಂಶಿ ಕಡೆಯ ಬಸ್ಸು ಬರುತ್ತಿತ್ತು, ಹಬ್ಬಕ್ಕೆ ಬಾಳೆಕಂಬ ಕಟ್ಟಿಕೊಂಡು, ಮುಂದಿನ ಗಾಜಿಗೆ ವಿಭೂತಿ ಬಳಿದುಕೊಂಡು. ಓಡಿಸುತ್ತಿದ್ದವನು ಯಾರೋ ಬೇರೆ ಊರಿನ ಡ್ರೈವರ್.

"ಕೈ ಮಾಡ್ರಿ ಸಾವ್ಕಾರ್ರ," ಎಂದ ದಾವೂದಸಾಬ, ಮೆಟ್ಟಿಲ ಮೇಲೆ ನಿಂತು. "ಇಲ್ಲಾಂದ್ರ ನಿಲ್ಲಸೂದಿಲ್ಲ."

ಕುಬೇರಪ್ಪನ ಬಲಗೈ ಧೋತರದ ಮಡಿಕೆಯಿಂದ ಸ್ವಲ್ಪ ಮೇಲೆ ಬಂತು. ಸೊಂಟದವರೆಗೆ ಬಂದು ಅಲ್ಲೇ ನಿಂತಿತು.

ಬಸ್ಸು ಹೋಯಿತು.